ತಾತನ ಬೆಂಚಿಗೆ ಪಾಲಿಶ್

ನಮ್ಮ ಯಜಮಾನರ ಹೆಸರು ಅನಂತರಾಜು. ಕಲ್ಯದವರು. ಮಾಗಡಿ ಸುತ್ತ ಪಾಲಿಶ್ ಅನಂತ ಅಂದರೆ ಎಲ್ಲರಿಗೂ ಗೊತ್ತು. ಹಳೇ ಮಂಚ, ಬೀರು, ತೊಟ್ಟಿಲು, ಬಾಗಿಲು ಏನೇ ಕೊಡಿ, ಬಣ್ಣ ಕಿತ್ತು, ಮರ ಉಜ್ಜಿ, ಅರಗು ಹಚ್ಚಿ, ಮುಖ ಕಾಣುವ ಹಾಗೆ ಮಾಡಿ ಕೊಡುತ್ತಿದ್ದರು. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ತೀರಿಕೊಂಡರು. ಅವರನ್ನು ಕೊಂದದ್ದು ಅವರ ಅಣ್ಣನ ಮನೆಯ ಬಾಗಿಲುಗಳು. ಡಾಕ್ಟರು ಶ್ವಾಸಕೋಶ ಅಂದರು. ನಾನು ಬಾಗಿಲು ಅನ್ನುತ್ತೇನೆ.

ಇದು ಅವರ ಕತೆ. ಅಣ್ಣನ ಕತೆಯೂ ಬರುತ್ತದೆ. ಅವನಿಲ್ಲದೆ ಇವರ ಕತೆ ಮುಗಿಯುವುದಿಲ್ಲ. ಎದುರಿಗೆ ನಾನು ಭಾವ ಅನ್ನುತ್ತೇನೆ. ಇಲ್ಲಿ ಅವನು ಅಂತಲೇ ಬರೆಯುತ್ತೇನೆ.

ಅವನ ಹೆಸರು ಮನೋಹರ್. ಓದಿನಲ್ಲಿ ಚುರುಕು ಅಂತ ಚಿಕ್ಕಂದಿನಲ್ಲೇ ಕನಕಪುರದ ಸೋದರಮಾವ ಕರೆದುಕೊಂಡು ಹೋಗಿ ಸಾಕಿದರು. ಊರಿಗೆ ಬರುತ್ತಿದ್ದದ್ದು ರಜಕ್ಕೆ ಮಾತ್ರ. ಆಮೇಲೆ ರಾಮನಗರದಲ್ಲಿ ರೇಷ್ಮೆ ನೂಲಿನ ವ್ಯಾಪಾರ ಹಿಡಿದ, ಮೈಸೂರಿನ ಪ್ರತಿಮಾ ಅಕ್ಕನನ್ನು ಮದುವೆಯಾದ, ಕೈತುಂಬ ಸಂಪಾದಿಸಿದ. ನಮ್ಮವರು ಊರಲ್ಲೇ ಉಳಿದು ದನ ಕಾದರು. ಮೀಸೆ ಬರುವ ಹೊತ್ತಿಗೆ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಮಾಡುವ ಸಣ್ಣ ಶೆಡ್ಡೊಂದನ್ನು ಸೇರಿದರು. ಅರಗು ಹಚ್ಚುವುದನ್ನು ಅಲ್ಲಿ ಕಲಿಸಿದವಳು ಶೆಡ್ಡಿನ ಯಜಮಾನನ ಮಗಳು ವಜೀರಾ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಕಾವಿಗೆ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ವಜೀರಾ ಈಗಲೂ ನಗುತ್ತಾಳೆ, "ನಿಮ್ಮೋರು ಮೊದ್ಲು ಮಾಡಿದ್ ಬುಗುರಿ ಬಿಟ್ರೆ ಕುಡ್ದೋನ್ ಥರ ಓಲಾಡ್ತಿತ್ತು ಅಕ್ಕಾ."

ಬೊಂಬೆಗೆ ಬೇಡಿಕೆ ಇಳಿದಾಗ ಊರಿಗೆ ವಾಪಸ್ಸು ಬಂದರು. ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಹಳೇ ಸಾಮಾನಿಗೆ ಹಚ್ಚುವುದಕ್ಕೆ ಶುರುಮಾಡಿದರು. ಮದುವೆಯಾಗಿ ಬಂದ ಮೇಲೆ ನಾನೂ ಜೊತೆಗೆ ಸೇರಿಕೊಂಡೆ. ಅವರು ಕೆರೆಯುವುದು, ನಾನು ಉಜ್ಜುವುದು. ಅರಗು ಹಚ್ಚುವ ಬಟ್ಟೆಯುಂಡೆ ಹಿಡಿಯುವುದನ್ನು ನನಗೂ ಕಲಿಸಿದರು. ಯಾವ ಸಾಮಾನೇ ಬರಲಿ, ಒಳಗಿರುವುದು ಯಾವ ಮರ ಅಂತ ತಿಳಿಯಲು ಮೊದಲು ಮೂಗಿಟ್ಟು ಮೂಸುತ್ತಿದ್ದರು. ಜನ ನಗುತ್ತಿದ್ದರು.

ತಿಪ್ಪಸಂದ್ರದ ಒಬ್ಬ ಒಂದು ಮಂಚ ತಂದಿದ್ದ. ಮೇಲೆಲ್ಲ ಹಸಿರು ಆಯಿಲ್ ಪೇಂಟು. ಅದನ್ನು ಕಿತ್ತ ಮೇಲೆ ಒಳಗೆ ಹಲಸಿನ ಮರ ಹೊಂಬಣ್ಣಕ್ಕೆ ಬಂತು. ಅವನು ಗಳಗಳ ಅಳತೊಡಗಿದ.

"ನಮ್ಮವ್ವ ಇಂಥ ಮಂಚದ ಮ್ಯಾಲೆ ಮಲಗ್ತಿದ್ಲಾ? ಯಾವನಪ್ಪಾ ಇದ್ಕೆ ಪೇಂಟ್ ಬಳ್ದ ಪಾಪಿ?"

"ನೀನೇ ಅಲ್ವೇನ್ಲಾ ಬಳ್ದಿದ್ದು?" ಅಂದರು ನಮ್ಮವರು.

"ಊಂ ಕಣಣ್ಣ, ನಾನೇ," ಅಂದು ಅವನು ಇನ್ನೂ ಜೋರಾಗಿ ಅತ್ತ.

ಹೀಗೆ ಬದುಕಿದ್ದೆವು. ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳಲಿಲ್ಲ.

ಮನೋಹರ ರಾಮನಗರದಲ್ಲಿ ದೊಡ್ಡ ಮನೆ ಕಟ್ಟಿಸಿದ. ತೇಗದ ಬಾಗಿಲು, ತೇಗದ ಕಿಟಕಿ, ಮೆಟ್ಟಿಲಿಗೂ ತೇಗ. ಪಾಲಿಶ್‌ಗೆ ತಮ್ಮನನ್ನು ಕರೆದ. ಅರಗು ಕೈಯಲ್ಲಿ ಹಚ್ಚುತ್ತೇನೆ ಅಂತ ಇವರು ಹೇಳಿದರು. ಅದು ನಿಧಾನ, ಗೃಹಪ್ರವೇಶ ಹತ್ತಿರ ಬಂತು, ಗನ್ನಿನಲ್ಲಿ ಸ್ಪ್ರೇ ಹೊಡಿ ಅಂತ ಅವನು ಹೇಳಿದ. ಸ್ಪ್ರೇ ಹೊಡೆದರೆ ಥಿನ್ನರ್ ಹೊಗೆಯ ಹಾಗೆ ತುಂಬಿಕೊಳ್ಳುತ್ತದೆ. ಅದು ಹೋಗಲು ಗಾಳಿ ಬೇಕು.

"ಭಾವ, ಒಸಿ ಕಿಟ್ಕಿ ತೆಗೀಲಾ?" ಅಂದೆ.

"ಬೇಡ ಕಣಮ್ಮ. ರೋಡಲ್ಲಿ ಲಾರಿ ಓಡಾಡ್ತವೆ. ಹಸಿ ಪಾಲಿಶ್ ಮೇಲೆ ಧೂಳು ಕೂತ್ರೆ ಎಲ್ಲಾ ಹಾಳು. ಅವನಿಗೆ ಇದೆಲ್ಲಾ ಅಭ್ಯಾಸ. ಅಲ್ವೇನೋ ಅನಂತ?"

"ಊಂ ಕಣಣ್ಣ," ಅಂದರು. ಅಣ್ಣನ ಮುಂದೆ ಅವರ ಬಾಯಲ್ಲಿ ಬೇರೆ ಮಾತು ಬರುತ್ತಿರಲಿಲ್ಲ.

ನಮ್ಮವರು ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮೂಗಿಗೆ ಟವಲು ಕಟ್ಟಿಕೊಂಡು ಒಬ್ಬರೇ ಕೋಣೆ ಕೋಣೆ ಮುಚ್ಚಿಕೊಂಡು ಹೊಡೆದರು. ಸಂಜೆ ಹೊರಗೆ ಬಂದರೆ ಕಣ್ಣು ಕೆಂಡದ ಹಾಗೆ ಇರುತ್ತಿತ್ತು. ಯಾಕೆ ಒಪ್ಪಿಕೊಂಡಿರಿ ಅಂದರೆ, "ನಮ್ಮಣ್ಣನ ಮನೆ ಕಣೆ. ಬ್ಯಾರೇರ್ ಕೈಗೆ ಕೊಟ್ರೆ ಚಂದಾಗಿರ್ತದಾ?" ಅಂದರು.

ಗೃಹಪ್ರವೇಶದ ದಿನ ಇವರಿಗೆ ಕೆಮ್ಮು ಹಿಡಿದಿತ್ತು. ಹೋಮದ ಹೊಗೆಗೆ ಹೆಚ್ಚಾಗುತ್ತದೆ, ಹೊರಗೆ ಕೂತುಕೊ ಅಂತ ಅಡಿಗೆಯವರ ಒಲೆ ಪಕ್ಕ ಕಳಿಸಿದ. ಅಲ್ಲಿ ಹೊಗೆಯಿರಲಿಲ್ಲವೇ? ನಾವು ಕಿಟಕಿಯ ಕೆಳಗೆ ಕೂತಿದ್ದೆವು. ಒಳಗೆ ಯಾರೋ ಬಾಗಿಲು ಸವರಿ, "ಏನ್ ಫಿನಿಶಿಂಗ್ ಸಾರ್! ಯಾರು ಮಾಡಿದ್ದು?" ಅಂತ ಕೇಳಿದರು.

"ಬೆಂಗಳೂರಿಂದ ಕರೆಸಿದ್ದೆ," ಅಂದ ಮನೋಹರ.

ನಾನು ಎದ್ದೆ. ನಮ್ಮವರು ಸೆರಗು ಹಿಡಿದು ಕೂರಿಸಿದರು. "ಬುಡು. ಬೆಂಗ್ಳೂರೋರು ಮಾಡ್ದಂಗೈತೆ ಅಂತ ತಾನೆ ಅರ್ಥ," ಅಂದು ನಕ್ಕರು. ನಗು ಕೆಮ್ಮಾಯಿತು. ಆ ಕೆಮ್ಮು ಆಮೇಲೆ ನಿಲ್ಲಲೇ ಇಲ್ಲ.

ಮಾಗಡಿ ಆಸ್ಪತ್ರೆ, ರಾಮನಗರದ ಆಸ್ಪತ್ರೆ, ಕೊನೆಗೆ ಮನೆ. ಅವನು ಫೋನು ಮಾಡುತ್ತಿದ್ದ. ಬರುತ್ತೇನೆ ಅನ್ನುತ್ತಿದ್ದ. ಪ್ರತಿಮಾ ಅಕ್ಕ ಬಿಸಿನೀರಿಗೆ ಅಂತ ಫ್ಲಾಸ್ಕು ಕಳಿಸಿದಳು. ಅವರ ಮಗಳು ಭಾನುಪ್ರಿಯ ಮಾತ್ರ ಬಂದಳು. ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಬಂದಿದ್ದಳು. ಚಿಕ್ಕಪ್ಪನ ಕಾಲೊತ್ತುತ್ತ ಕೂತಿದ್ದಳು.

ಈಗ ಬೆಂಚಿನ ವಿಷಯ ಹೇಳಬೇಕು.

ನಮ್ಮ ಕೇರಿಗೆ ಒಂದು ಬೆಂಚಿದೆ. ಹೊನ್ನೆ ಮರದ್ದು. ಬೆನ್ನಿಗೆ ಹಲಗೆ, ಎರಡೂ ಕಡೆ ಕೈ. ಹಿಂದೆ ಯಾವಾಗಲೋ ಊರಿಗೆ ಜ್ವರ ಬಂದು ಮನೆಮನೆಯಲ್ಲೂ ಸಾವಾಯಿತಂತೆ. ಹೆಣಕ್ಕೆ ನೀರು ಹಾಕಲು ಒಂದು ಹಲಗೆಯೂ ಇಲ್ಲದೆ ಜನ ಪರದಾಡಿದರಂತೆ. ಆಗ ನಮ್ಮ ಯಜಮಾನರ ತಾತ ತಮ್ಮ ಮನೆ ಬಾಗಿಲಿಗೆಂದು ಕಡಿಸಿಟ್ಟಿದ್ದ ಮರ ಕೊಟ್ಟು ಅದನ್ನು ಮಾಡಿಸಿದರು. ಅಂದಿನಿಂದ ಕೇರಿಯಲ್ಲಿ ಯಾರು ಸತ್ತರೂ ಅದರ ಮೇಲೆ ಕೂರಿಸಿ, ನೀರು ಹಾಕಿ, ಅರಿಸಿನ ಹಚ್ಚಿ, ಆಮೇಲೆ ಚಟ್ಟಕ್ಕೆ ಎತ್ತುತ್ತಾರೆ. ಕೆಲಸ ಮುಗಿದ ಮೇಲೆ ನಮ್ಮ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಬದುಕಿರುವವರು ಅದರ ಮೇಲೆ ಕೂರುವುದಿಲ್ಲ. ಅದು ಏನು ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ಮಕ್ಕಳು ಕೇಳಿದರೆ, ತಾತನ ಬೆಂಚು, ಮುಟ್ಟಬಾರದು ಅನ್ನುತ್ತಾರೆ. ದೊಡ್ಡವರಾದ ಮೇಲೆ ಯಾವುದಾದರೊಂದು ಸಾವಿನ ಮನೆಯಲ್ಲಿ ಅವರೇ ನೋಡಿ ತಿಳಿದುಕೊಳ್ಳುತ್ತಾರೆ.

ಮನೋಹರ ನೋಡಲಿಲ್ಲ. ಅವನು ಯಾವ ಸಾವಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಹೆತ್ತ ಅಪ್ಪ ಸತ್ತಾಗಲೂ ಚಟ್ಟ ಬೀದಿಗೆ ಬಂದ ಮೇಲೆ ಕಾರಿನಿಂದ ಇಳಿದಿದ್ದ.

ನಮ್ಮವರು ಹೋದಾಗಲೂ ಹಾಗೇ ಆಯಿತು. ಅವರನ್ನು ಬೆಂಚಿನ ಬಲಗಡೆಗೆ ಕೂರಿಸಿದರು. ನಾನು ನೀರು ಹಾಕಿದೆ. ಉಗುರಿನ ಸಂದಿಯಲ್ಲಿ ಪಾಲಿಶ್ ಬಣ್ಣ ಇನ್ನೂ ಇತ್ತು. ಉಜ್ಜಿದೆ, ಹೋಗಲಿಲ್ಲ. ಮಾವನ ತಮ್ಮ ಮುನಿಯಪ್ಪ ನನ್ನ ಕೈ ಹಿಡಿದು, "ಬುಡವ್ವ, ಅದು ಅವನ ಗುರುತು," ಅಂದರು. ಅವರಿಗೆ ಎಂಬತ್ತು ದಾಟಿದೆ. ಮಾವ ಅನ್ನುತ್ತೇನೆ ನಾನು. ಮನೋಹರ ಮಣ್ಣು ಹಾಕುವ ಹೊತ್ತಿಗೆ ಬಂದ. ಕನ್ನಡಕ ತೆಗೆದು ಕಣ್ಣೊರಸಿಕೊಂಡ, ಮತ್ತೆ ಹಾಕಿಕೊಂಡ.

ತಿಥಿಗೆ ಮಾತ್ರ ಗಂಡ ಹೆಂಡತಿ ಇಬ್ಬರೂ ಹೊತ್ತಿಗೆ ಮುಂಚೆ ಬಂದರು. ಊಟವಾದ ಮೇಲೆ ಪ್ರತಿಮಾ ಅಕ್ಕ ಕೈ ತೊಳೆಯಲು ಕೊಟ್ಟಿಗೆ ಕಡೆ ಹೋದಳು. ಅಲ್ಲಿಂದಲೇ ಕೂಗಿದಳು.

"ರೀ, ಇಲ್ಲಿ ಬನ್ರೀ! ಇದೇನು ಇಷ್ಟು ಚೆನ್ನಾಗಿದೆ!"

ಅವನು ಹೋಗಿ ನೋಡಿದ. "ಅಯ್ಯೋ, ತಾತನ ಬೆಂಚು! ಚಿಕ್ಕೋನಿದ್ದಾಗ ಮುಟ್ಟೋಕೇ ಬಿಡ್ತಿರ್ಲಿಲ್ಲ ಕಣೆ. ಅಷ್ಟು ಮರ್ಯಾದೆ ಇದಕ್ಕೆ."

"ಮರ್ಯಾದೆ ಇದ್ದಿದ್ದು ತಂದು ಸಗಣಿ ಪಕ್ಕ ಇಟ್ಟಿದ್ದಾರಾ? ನಮ್ಮ ಹಾಲಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ನೋಡಿ."

ಅವನು ನನ್ನ ಕಡೆ ತಿರುಗಿದ. "ಲಕ್ಷ್ಮಮ್ಮ, ಇದು ತಾತಂದು. ಹಿರೇಮಗನ ಮಗ ನಾನು, ಮನೆಗೆ ದೊಡ್ಡೋನು. ನಾನು ತಗೊಂಡು ಹೋಗ್ತೀನಿ. ಇಲ್ಲಿದ್ರೆ ಗೆದ್ದಲು ಹಿಡಿಯುತ್ತೆ. ನಿನಗೇನೂ ಬೇಜಾರಿಲ್ವಲ್ಲ?"

ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ತಿಥಿ ಊಟ ಮಾಡಿದ ಬಾಯಲ್ಲಿ ಅದರ ಹೆಸರು ಹೇಳುವವರು ಯಾರು? ಮುನಿಯಪ್ಪ ಮಾವ ಮುಂದೆ ಬಂದರು. "ಲೇ ಮನೋರಾ, ಅದು ಏನಂದ್ರೆ..."

ನಾನು ಅಡ್ಡ ಬಂದೆ. "ತಗೊಂಡೋಗ್ಲಿ ಬುಡಿ ಮಾವ. ಅವ್ರ ತಾತಂದು."

ಆಗಲೇ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಇವನು ಅದರ ಮೇಲೆ ಕೂರಬೇಕು. ಅವರು ಕೂತ ಜಾಗದಲ್ಲೇ, ಬಲಗಡೆ, ರೇಷ್ಮೆ ಪಂಚೆ ಉಟ್ಟುಕೊಂಡು, ನಾಲ್ಕು ಜನರ ಮುಂದೆ ಕೂರಬೇಕು. ಕೂತ ಮೇಲೆ ತಾನು ಎಲ್ಲಿ ಕೂತಿದ್ದೇನೆ ಅಂತ ಗೊತ್ತಾಗಬೇಕು. ನನಗೆ ಬೇರೆ ಏನೂ ಬೇಕಿರಲಿಲ್ಲ.

ಬೆಂಚು ಹೇರಿಕೊಂಡು ಟೆಂಪೋ ಹೋದ ಮೇಲೆ ಮಾವ ನನ್ನ ಮೇಲೆ ರೇಗಿದರು. "ಏನವ್ವ ನೀನು? ನಾಳೆ ನಾನು ಗೊಟಕ್ ಅಂದ್ರೆ ಎಲ್ಲಿ ಕೂರುಸ್ತೀರಿ? ಪ್ಲಾಸ್ಟಿಕ್ ಚೇರ್ ಮ್ಯಾಲಾ?"

"ವಾಪಸ್ ತರುಸ್ತೀನಿ ಮಾವ."

"ಅಲ್ಲಿಗಂಟ ಸಾಯ್ದಂಗೆ ಇರ್ಬೇಕಾ ನಾನು?"

"ಇರಿ."

"ಊಂ," ಅಂದರು. ಮನೆ ಕಡೆ ತಿರುಗಿಕೊಂಡು, "ಸರಿಯಾಗ್ ಮಾಡು ಮತ್ತೆ," ಅಂದರು.

ಪ್ರತಿಮಾ ಅಕ್ಕ ಫೋನು ಮಾಡಿದಳು. ಭಾನುಪ್ರಿಯಗೆ ಗಂಡು ಗೊತ್ತಾಗಿದೆ, ತಿಪ್ಪಸಂದ್ರದ ರಾಮಲಿಂಗಯ್ಯನವರ ಮಗ ಚೈತನ್ಯ, ನಿಶ್ಚಿತಾರ್ಥ ಮನೆಯಲ್ಲೇ ಇಟ್ಟುಕೊಂಡಿದ್ದೇವೆ ಅಂದಳು. ಹುಡುಗ ಹುಡುಗಿಯನ್ನು ತಾತನ ಬೆಂಚಿನ ಮೇಲೆ ಕೂರಿಸಿ ಫೋಟೋ ತೆಗೆಸಬೇಕಂತೆ. "ಪಾಲಿಶ್ ನೀನೇ ಮಾಡಿಕೊಡು ಲಕ್ಷ್ಮಿ. ಮನೆ ಸಾಮಾನು, ಮನೆಯವಳ ಕೈಯಲ್ಲೇ ಆಗಲಿ."

ಮನೆಯವಳು ಅಂತ ಅವಳ ಬಾಯಲ್ಲಿ ಆವತ್ತೇ ಮೊದಲು ಕೇಳಿದ್ದು.

"ಮಾಡ್ತೀನಿ ಅಕ್ಕ. ಸ್ಪ್ರೇ ಹೊಡಿಯಲ್ಲ. ಅರಗು ಹಚ್ತೀನಿ, ಆಚೆ ಕೂತ್ಕೊಂಡು," ಅಂದೆ.

ಅರಗು ತರಲು ಚನ್ನಪಟ್ಟಣಕ್ಕೆ ಹೋದೆ. ವಜೀರಾಗೆ ಎಲ್ಲ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಕಣ್ಣೊರಸಿಕೊಂಡು ಕೇಳಿದಳು.

"ಆ ಹುಡ್ಗಿ ಏನ್ ಮಾಡಿದ್ಲು ಅಕ್ಕಾ?"

"ಏನೂ ಮಾಡಿಲ್ಲ. ಅವಳು ಕೂರೋಕ್ ಮುಂಚೆ ಹೇಳ್ತೀನಿ."

"ಅವಳಪ್ಪ ಕೂರ್ದೇ ಇದ್ರೆ?"

"ಕೂರ್ತಾನೆ. ಹೊಳಿಯೋದ್ ಕಂಡ್ರೆ ಬುಡಲ್ಲ."

"ಹಂಗಾದ್ರೆ ಕೆಳಗಿನ ಡಬ್ಬಿದು ತಗೋ," ಅಂತ ಒಳ್ಳೇ ಅರಗು ತೆಗೆದುಕೊಟ್ಟಳು. "ನಿಮ್ಮೋರ್ ಹೆಸ್ರಲ್ಲಿ ಮಾಡ್ತಿದೀಯ. ಕಳಪೆ ಬ್ಯಾಡ."

ಮನೋಹರನ ಹಾಲು ಒಂದು ಅಂಗಡಿಯ ಹಾಗಾಗಿತ್ತು. ನಮ್ಮತ್ತೆ ರಾಗಿ ಬೀಸುತ್ತಿದ್ದ ಕಲ್ಲಿನ ಮೇಲೆ ಗಿಡದ ಕುಂಡ. ಕೊಳಗದ ತುಂಬ ಪ್ಲಾಸ್ಟಿಕ್ ಹೂವು. ಹಂಡೆಯನ್ನು ಹೊಳೆಯುವ ಹಾಗೆ ತಿಕ್ಕಿ ಅದರಲ್ಲಿ ಛತ್ರಿ ನಿಲ್ಲಿಸಿದ್ದರು. ಅತ್ತೆ ಬದುಕಿದ್ದಾಗ ಆ ಬೀಸುಕಲ್ಲನ್ನು ಒಂದು ಸಲವೂ ತಿರುಗಿಸದವಳು ಪ್ರತಿಮಾ. ಬಂದವರಿಗೆ ಈಗ ಅದನ್ನು ತೋರಿಸಿ, "ನಮ್ಮತ್ತೆದು" ಅನ್ನುತ್ತಿದ್ದಳು.

ಕಾರು ನಿಲ್ಲಿಸುವ ಕಡೆ ಬೆಂಚು ಹಾಕಿಕೊಂಡೆ. ಮೇಲಿನ ಕೊಳೆ ಕೆರೆದೆ. ಉಪ್ಪು ಕಾಗದದಲ್ಲಿ ಉಜ್ಜಿದೆ. ಹೊನ್ನೆ ಮರ ಒಳಗೆ ಕೆಂಪಗಿತ್ತು. ಎಷ್ಟೋ ಜನರ ಬೆನ್ನು ತಾಗಿ ಹಲಗೆ ನುಣ್ಣಗಾಗಿತ್ತು. ಬಲಗಡೆಯ ಕೈ ಹತ್ತಿರ ಅರಿಸಿನ ಇಳಿದು ಕಲೆಯಾಗಿತ್ತು. ಅದು ನಮ್ಮವರದೋ, ಅವರಿಗಿಂತ ಮೊದಲಿನವರದೋ ಗೊತ್ತಿಲ್ಲ. ಉಪ್ಪು ಕಾಗದವನ್ನು ಅಲ್ಲಿಗೆ ತರಲಿಲ್ಲ. ಬಟ್ಟೆಯುಂಡೆಯಲ್ಲಿ ಅರಗು ಹಚ್ಚುತ್ತ ನಾನು ಅತ್ತುಬಿಟ್ಟೆ. ನಮ್ಮವರಿಗೆ ಕೊನೆಯ ಸಲ ಮೈತೊಳೆದ ಹಾಗೇ ಇತ್ತು.

ಪ್ರತಿಮಾ ಅಕ್ಕ ಕಾಫಿ ತಂದಳು. "ಸ್ಪಿರಿಟ್ಟಿಗೆ ಕಣ್ಣು ಉರೀತಾ?"

"ಊಂ ಅಕ್ಕ."

"ಇಲ್ಲೊಂದು ಕಲೆ ಉಳಿದಿದೆ ನೋಡು."

"ಅದು ಹೋಗಲ್ಲ."

"ಇರಲಿ ಬಿಡು. ಹಳೇದು ಅಂತ ಗೊತ್ತಾಗಲಿ."

ನಿಶ್ಚಿತಾರ್ಥದ ದಿನ ಬೆಂಚನ್ನು ಹಾಲಿನ ನಡುವೆ, ಮನೋಹರನ ಅಪ್ಪನ ಫೋಟೋ ಕೆಳಗೆ ಹಾಕಿದ್ದರು. ಹಿಂದೆ ಮಲ್ಲಿಗೆಯ ಪರದೆ. ನಾನು ನನ್ನ ಬದುಕಿನಲ್ಲಿ ಅಂಥ ಪಾಲಿಶ್ ಮಾಡಿರಲಿಲ್ಲ. ಕಲ್ಯದಿಂದ ಬಂದವರು ಬಾಗಿಲಲ್ಲೇ ನಿಂತು ನೋಡಿದರು, ಒಳಗೆ ಬಂದು ಗೋಡೆಗೆ ಅಂಟಿಕೊಂಡು ನಿಂತರು. ಮುನಿಯಪ್ಪ ಮಾವ ನನ್ನ ಕಿವಿಯಲ್ಲಿ, "ಇಷ್ಟು ಚಂದಾಗ್ ಮಾಡಿದ್ದೀಯಲ್ಲವ್ವ, ಸಾಯೋಕೇ ಆಸೆ ಆಯ್ತದೆ," ಅಂದರು.

ಮನೋಹರ ಬೀಗರಿಗೆ ತೋರಿಸುತ್ತಿದ್ದ. "ಹೊನ್ನೆ ಮರ. ನಮ್ಮ ತಾತ ಇದರ ಮೇಲೆ ಕೂತೇ ಊರಿಗೆ ನ್ಯಾಯ ಹೇಳ್ತಿದ್ದಿದ್ದು."

"ಕೂತಿದ್ದು ಒಂದೇ ಸಲ," ಅಂತ ಮಾವ ಗೊಣಗಿದರು.

"ಏನು ಚಿಕ್ಕಪ್ಪ?"

"ಏನಿಲ್ಲ ಕಣ್ಲಾ."

"ಯಾಕೆ ಎಲ್ಲಾ ನಿಂತ್ಕೊಂಡಿದ್ದೀರಿ? ಬಾ ಚಿಕ್ಕಪ್ಪ, ಮೊದ್ಲು ನೀನು ಕೂತ್ಕೊ. ಹಿರಿಯರು."

"ನಂಗಿನ್ನೂ ಟೈಮ್ ಐತೆ," ಅಂದರು ಮಾವ.

ನಮ್ಮೂರಿನ ಹೆಂಗಸರು ಸೆರಗಲ್ಲಿ ಬಾಯಿ ಮುಚ್ಚಿಕೊಂಡರು. ಮನೋಹರ ಬೀಗರ ಕೈ ಹಿಡಿದು ಕರೆದ. ರಾಮಲಿಂಗಯ್ಯ ಕೂರಲು ಬಗ್ಗಿಯೂ ಬಿಟ್ಟರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಮಾವ ನುಗ್ಗಿ ಅವರ ತೋಳು ಹಿಡಿದು, "ಬನ್ನಿ ಬೀಗರೆ, ಎಲೆಯಡಿಕೆ ಹಾಕೊಂಡು ಬರವ," ಅಂತ ಎಳೆದುಕೊಂಡರು.

"ನಮ್ಮ ಹಳ್ಳಿಯವರಿಗೆ ಒಳ್ಳೇ ಸಾಮಾನಿನ ಮೇಲೆ ಕೂರೋಕೂ ಸಂಕೋಚ," ಅಂತ ಮನೋಹರ ನಕ್ಕ. ಪಂಚೆ ಎತ್ತಿಕೊಂಡ. ಕೂತ.

ಬಲಗಡೆಯೇ ಕೂತ. ಬೆಂಚಿನ ಕೈ ಮೇಲೆ ತನ್ನ ಕೈ ಚೆಲ್ಲಿ, ಬೆನ್ನು ಒರಗಿಸಿ ಕೂತ. ನಾನು ಕಂಬದ ಪಕ್ಕ ನಿಂತು ನೋಡಿದೆ. ಅವನ ತಲೆ ತಾಗಿದ ಜಾಗಕ್ಕೆ ನಮ್ಮವರ ತಲೆ ತಾಗಿತ್ತು. ನನಗೆ ಮೈಯೆಲ್ಲ ತಂಪಾಯಿತು. ಸುಳ್ಳು ಯಾಕೆ ಹೇಳಲಿ, ಅವರು ಹೋದ ಮೇಲೆ ಹಾಗೆ ಉಸಿರಾಡಿದ್ದು ಆವತ್ತೇ.

"ಭಾನು, ಚೈತನ್ಯ, ಬನ್ನಿ. ನನ್ನ ಪಕ್ಕ ಕೂತ್ಕೊಳ್ಳಿ, ಫೋಟೋಗೆ," ಅಂತ ಅವನು ಕರೆದ.

ಭಾನು ಸೀರೆ ಸರಿಮಾಡಿಕೊಳ್ಳುತ್ತ ಬಂದಳು. ನಾನು ಅಡ್ಡ ನಿಂತೆ.

"ಕೂರ್ಬ್ಯಾಡ ಮಗ."

"ಯಾಕೆ ಚಿಕ್ಕಮ್ಮ?"

"ಅದು ಹೆಣಕ್ಕೆ ನೀರು ಹಾಕೋ ಬೆಂಚು."

ಫೋಟೋದವನು ಕ್ಯಾಮೆರಾ ಇಳಿಸಿದ. ಮನೋಹರ ಕೂತೇ ಇದ್ದ.

"ಏನು ಮಾತಾಡ್ತಾ ಇದೀಯ ಲಕ್ಷ್ಮಮ್ಮ? ಇದು ತಾತನ ಬೆಂಚು."

"ಊಂ ಭಾವ. ತಾತ ಕೇರಿಗೆ ಮಾಡ್ಸಿಕೊಟ್ಟ ಬೆಂಚು. ತಾತನ್ನೂ ಅದ್ರ ಮ್ಯಾಲೇ ಕೂರ್ಸುದ್ರು. ನಿಮ್ಮಪ್ಪ, ನಿಮ್ಮವ್ವನ್ನೂ ಕೂರ್ಸುದ್ರು. ನಿಮ್ಮ ತಮ್ಮನ್ನ ಬಲಗಡೆ ಕೂರ್ಸಿದ್ವಿ. ಈಗ ನೀವು ಕೂತಿದ್ದೀರಲ್ಲ, ಅದೇ ಜಾಗ. ನೀರು ಹಾಕೋ ಹೊತ್ಗೆ ಬಂದಿದ್ರೆ ನಿಮ್ಗೂ ಗೊತ್ತಾಗಿರೋದು."

ಅವನು ಮುನಿಯಪ್ಪ ಮಾವನ ಮುಖ ನೋಡಿದ. ಮಾವ ತಲೆಯಾಡಿಸಿದರು. ಅವನು ಏಳಲು ಹೋದ. ಬೆಂಚಿನ ಕೈಯನ್ನೇ ಹಿಡಿದುಕೊಂಡು ಎದ್ದ. ಹಿಡಿದದ್ದು ಏನು ಅಂತ ನೆನಪಾಗಿ ಕೈಬಿಟ್ಟ.

ಪ್ರತಿಮಾ ಅಕ್ಕ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಗೊತ್ತಿದ್ದೂ ಪಾಲಿಶ್ ಮಾಡಿ ಕೊಟ್ಟೆಯಲ್ಲೇ! ಒಂದು ಮಾತು ಹೇಳಬಾರದಿತ್ತಾ?"

"ಹೇಳ್ಬಾರ್ದು ಅಂತ್ಲೇ ಹೇಳ್ಲಿಲ್ಲ ಅಕ್ಕ."

ರಾಮಲಿಂಗಯ್ಯನವರ ಮುಖ ಬಿಳುಚಿಕೊಂಡಿತ್ತು. ತಾವೂ ಕೂರಲು ಬಗ್ಗಿದ್ದು ನೆನಪಾಗಿರಬೇಕು. "ಯಾರಮ್ಮ ಇವರ ತಮ್ಮ? ಇವರಿಗೆ ತಮ್ಮ ಇದ್ದರು ಅಂತ ನಮಗೆ ಯಾರೂ ಹೇಳಲಿಲ್ಲವಲ್ಲ," ಅಂದರು.

"ಅನಂತರಾಜು ಅಂತ. ನೀವು ಒಳಗೆ ಬರೋವಾಗ ಸವರಿ ನೋಡಿದ್ರಲ್ಲ, ಆ ಬಾಗ್ಲು ಪಾಲಿಶ್ ಮಾಡಿದ್ದು ಅವ್ರೇ. ಅದನ್ನ ಮಾಡೇ ಸತ್ರು," ಅಂದೆ.

ಅಲ್ಲಿಂದ ಹೊರಟು ಬಂದೆ. ಊಟಕ್ಕೆ ನಿಲ್ಲಲಿಲ್ಲ. ಆಮೇಲೆ ಗೊತ್ತಾಯಿತು, ಭಾನುನೇ ಪಟ್ಟು ಹಿಡಿದು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಎಲೆಯಡಿಕೆ ಬದಲಾಯಿಸಿಕೊಂಡಳಂತೆ. ಆದರೆ ರಾಮಲಿಂಗಯ್ಯ ಒಂದು ಷರತ್ತು ಹಾಕಿ ಹೋದರು. ಬೆಂಚಿನ ವಿಷಯವನ್ನು ನಿಮ್ಮ ಕೇರಿಯಲ್ಲಿ ಹೇಗೆ ನಡೆಯುತ್ತದೋ ಹಾಗೆ ಸರಿಮಾಡಿ, ಆಮೇಲೆ ಮದುವೆ ದಿನ ನೋಡೋಣ ಅಂದರು.

ಮನೋಹರ ಬೆಂಚನ್ನು ಸುಟ್ಟುಬಿಡುತ್ತೇನೆ ಅಂತ ಮಾವನಿಗೆ ಫೋನು ಮಾಡಿದ.

"ಸುಟ್ಟೀಯ! ಅದು ಕೇರಿದು ಕಣ್ಲಾ, ನಿಮ್ಮಪ್ಪಂದಲ್ಲ. ತಕ್ಕೊಂಡ್ ಬಂದು ತೊಳ್ದು ಮಡುಗು."

"ಯಾರಾದ್ರೂ ಆಳು ಕೈಲಿ ತೊಳೆಸ್ತೀನಿ ಚಿಕ್ಕಪ್ಪ."

"ಬೆಂಚಿಂದ ಚಟ್ಟಕ್ಕೆ ಎದ್ದೋರಿಗೆ ಒಡಹುಟ್ದೋರು ಇದ್ರೆ ಅವ್ರೇ ಬೆಂಚು ತೊಳೀಬೇಕು. ಅವತ್ತು ನೀನಿರ್ಲಿಲ್ಲ ಅಂತ ನನ್ ಮಗ ಕೈ ಹಾಕ್ದ. ನೀನು ತೊಳಿಯೋದು ಅಂಗೇ ಐತೆ."

ಬಂದ. ಟೆಂಪೋ ಕೇರಿಯ ತುದಿಯಲ್ಲೇ ನಿಂತಿತು. ಬೆಂಚಿನ ಒಂದು ಕಡೆ ಡ್ರೈವರು, ಇನ್ನೊಂದು ಕಡೆ ಅವನು ಹಿಡಿದು ನಮ್ಮ ಮನೆ ಮುಂದೆ ತಂದರು. ಜಗುಲಿಗಳ ಮೇಲೆ ಕೇರಿಯೆಲ್ಲ ಕೂತಿತ್ತು. ಯಾರೂ ಮಾತಾಡಿಸಲಿಲ್ಲ. ನಾನು ಬೂದಿ, ತೆಂಗಿನ ನಾರು, ಒಂದು ಕೊಡ ನೀರು ತಂದಿಟ್ಟೆ.

ಅವನು ಪ್ಯಾಂಟು ಮಡಿಸಿಕೊಂಡು ಕುಕ್ಕರುಗಾಲಲ್ಲಿ ಕೂತ. ನೀರು ಹಾಕಿ, ಬೂದಿ ಹಚ್ಚಿ ತಿಕ್ಕಿದ. ಅರಗಿನ ಪಾಲಿಶ್‌ಗೆ ಬೂದಿನೀರು ಆಗುವುದಿಲ್ಲ. ಬೆಳ್ಳಗೆ ಅಂಟಂಟಾಗಿ ಮೇಲೇಳುತ್ತದೆ. ನನಗೆ ಗೊತ್ತಿತ್ತು. ನೋಡನೋಡುತ್ತ ಹೊಳಪು ಸತ್ತಿತು. ಅವನ ಕೈಯೆಲ್ಲ ಬೂದಿ ಬಣ್ಣದ ಅಂಟು.

"ಪಾಲಿಶ್ ಹೋಯ್ತಾ ಐತಲ್ಲಮ್ಮ," ಅಂದ. ರಾಮನಗರದ ಮಾತೆಲ್ಲ ಬಾಯಿಂದ ಉದುರಿಹೋಗಿತ್ತು.

"ಹೋಗ್ಲಿ."

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದು."

"ತಿಕ್ಕಿ ಭಾವ."

ತಿಕ್ಕಿದ. ಬೆಂಚಿನ ಕೈ ತಿಕ್ಕಿದ, ಕಾಲು ತಿಕ್ಕಿದ, ಎಡಗಡೆ ತಿಕ್ಕಿದ. ಬಲಗಡೆಗೆ ಬಂದಾಗ ನಾರು ನಿಂತಿತು. ಅವನ ಹೆಗಲು ಅಲುಗಾಡುತ್ತಿತ್ತು. ಮುಖ ಕೆಳಗಿತ್ತು, ನನಗೆ ಕಾಣಲಿಲ್ಲ. ನಾನು ಬಗ್ಗಿ ನೋಡಲಿಲ್ಲ.

"ಇನ್ನೂ ತಿಕ್ಬೇಕಾ?" ಅಂತ ಕೇಳಿದ.

"ಮರ ಕಾಣೋಗಂಟ," ಅಂದೆ. ಕೊಡ ಖಾಲಿಯಾಗಿತ್ತು. ಒಳಗೆ ಹೋಗಿ ಇನ್ನೊಂದು ಕೊಡ ತುಂಬಿ ತಂದು ಅವನ ಪಕ್ಕದಲ್ಲಿಟ್ಟೆ.